ಹಳೇ ಮಿರರ್ ಹಾಯಿದೋಣಿ ತಂದಿದ್ದೇವೆ, ಮಕ್ಕಳ ಜೊತೆ ನೀರಿಗಿಳಿಸೋ ಹಾಗೆ ಮಾಡಬೇಕು

ಕೆಂಪುಹಾಯಿ (ನಾರಿಚ್, ಇಂಗ್ಲೆಂಡ್) · ಸೆಪ್ಟೆಂಬರ್ 14

ಎಲ್ಲರಿಗೂ ನಮಸ್ಕಾರ. ನಾವು ಮನೆಯಲ್ಲಿ ನಾಲ್ಕು ಜನ. ನಾನು, ಹೆಂಡತಿ, 11 ವರ್ಷದ ಮಗಳು, 7 ವರ್ಷದ ಮಗ. ನಮ್ಮೂರಿಂದ ಸ್ವಲ್ಪ ದೂರ ಹೋದರೆ ನಾರ್ಫೋಕ್ ಬ್ರಾಡ್ಸ್ ಸಿಗುತ್ತದೆ. ಕೆರೆಗಳು, ನಿಧಾನವಾಗಿ ಹರಿಯೋ ನದಿಗಳು, ಸುತ್ತ ಜೊಂಡು. ನೋಡಿದರೆ ದೇವರೇ ಮಾಡಿದ ಕೆರೆ ಅನ್ನಿಸುತ್ತದೆ. ಆದರೆ ನೂರಾರು ವರ್ಷಗಳ ಹಿಂದೆ ಜನ ಒಲೆಗೆ ಉರಿಸೋಕೆ ಪೀಟ್ ಮಣ್ಣು ಅಗೆದ ಗುಂಡಿಗಳಂತೆ ಅವು. ಆಮೇಲೆ ನೀರು ತುಂಬಿಕೊಂಡಿದೆ. ನಾಲ್ಕು ಬೇಸಿಗೆ ದಡದಲ್ಲಿ ಬುತ್ತಿ ಬಿಚ್ಚಿ ಕೂತು ಬೇರೆಯವರ ದೋಣಿ ನೋಡಿದ್ದಾಯಿತು.

ಕಳೆದ ವಾರ ನಮ್ಮ ಬೀದಿಯ ಅಜ್ಜ ಒಬ್ಬರು ತಮ್ಮ ಹಿತ್ತಲಲ್ಲಿ ಮಗುಚಿ ಹಾಕಿದ್ದ ಮಿರರ್ ದೋಣಿಯನ್ನು 80 ಪೌಂಡಿಗೆ ಕೊಟ್ಟರು. 70ರ ದಶಕದ್ದು ಅಂದರು. ಅವರ ಮಕ್ಕಳು ಅದರಲ್ಲೇ ಹಾಯಿ ಕಲಿತಿದ್ದಂತೆ. ಮುಳ್ಳುಬಳ್ಳಿ ಕಡಿದು ದೋಣಿ ಹೊರಗೆ ತೆಗೆಯೋಕೇ ಅರ್ಧ ದಿನ ಹಿಡಿಯಿತು.

ಮಿರರ್ ಗೊತ್ತಿಲ್ಲದವರಿಗೆ ಎರಡು ಮಾತು. 60ರ ದಶಕದ ಶುರುವಿನಲ್ಲಿ ಇಲ್ಲಿನ ಡೈಲಿ ಮಿರರ್ ಪತ್ರಿಕೆ, ಸಾಮಾನ್ಯ ಜನರೂ ಮನೆಯಲ್ಲೇ ಕಟ್ಟಿಕೊಳ್ಳೋ ದೋಣಿ ಬೇಕು ಅಂತ ಹೊರಟಿತು. ದೋಣಿ ವಿನ್ಯಾಸಕಾರ ಜಾಕ್ ಹೋಲ್ಟ್ ಮತ್ತು ಟಿವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದ ಬ್ಯಾರಿ ಬಕ್‌ನೆಲ್ ಸೇರಿ ಇದನ್ನು ರೂಪಿಸಿದರು. ಶುರುವಿನಲ್ಲಿ ಕಿಟ್‌ನ ಬೆಲೆ 63 ಪೌಂಡ್ 11 ಶಿಲಿಂಗ್. 70,000ಕ್ಕಿಂತ ಹೆಚ್ಚು ದೋಣಿಗಳಾಗಿವೆ. ಉದ್ದ 3.3 ಮೀಟರ್, ಅಗಲ 1.39 ಮೀಟರ್. ಮೂತಿ ಚೂಪಿಲ್ಲ, ಕತ್ತರಿಸಿದ ಹಾಗೆ ಚಪ್ಪಟೆ. ಹಾಯಿ ಕೆಂಪು.

ನಮ್ಮದರ ಸ್ಥಿತಿ ಹೇಳುತ್ತೇನೆ. ಹೊರಗಿನ ಬಣ್ಣ ಹಪ್ಪಳದ ಹಾಗೆ ಎದ್ದಿದೆ. ಒಳಗಿನ ವಾರ್ನಿಷ್ ಅಲ್ಲಲ್ಲಿ ಕಪ್ಪಾಗಿದೆ. ಮುಂದಿನ ಮೂಲೆಯಲ್ಲಿ ಹೆಬ್ಬೆರಳು ಒತ್ತಿದರೆ ಮರ ಒಳಗೆ ಹೋಗುತ್ತದೆ. ಹಾಯಿ ಮೇಲೆ ಬೂಷ್ಟು ಹಿಡಿದಿದೆ, ಹರಿದಿಲ್ಲ. ಹಾಯಿ ಕಟ್ಟೋ ಕಂಬ, ಅಂದರೆ ಕೂವೆಮರ, ಚೆನ್ನಾಗಿದೆ. ಮುಂದಿನ ಮೇ ತಿಂಗಳಿಗೆ ನೀರಿಗೆ ಇಳಿಸಬೇಕು. ಯಾವುದರಿಂದ ಶುರು ಮಾಡಲಿ? ಬಣ್ಣ ಕೆರೆಯೋದರಿಂದಾನಾ?

ರಟ್ಲೆಂಡ್ ಗಾಳಿ (ಲೆಸ್ಟರ್) · ಸೆಪ್ಟೆಂಬರ್ 14

ಬಣ್ಣ ಮುಟ್ಟಬೇಡಿ ಸರ್! ಮೊದಲು ಗಾಳಿಪೆಟ್ಟಿಗೆಗಳನ್ನು ತೆರೆದು ನೋಡಿ.

ನಾನು ಹತ್ತು ವರ್ಷದಿಂದ ಇಲ್ಲಿನ ಜಲಾಶಯ ರಟ್ಲೆಂಡ್ ವಾಟರ್‌ನಲ್ಲಿ ಹಾಯಿ ಓಡಿಸುತ್ತಿದ್ದೇನೆ, ಮಕ್ಕಳಿಗೆ ಕಲಿಸುತ್ತೇನೆ. ಮಿರರ್‌ನಲ್ಲಿ ಮುಂದೆ, ಹಿಂದೆ, ಎರಡು ಪಕ್ಕ ಮುಚ್ಚಿದ ಪೆಟ್ಟಿಗೆಗಳಿವೆ ಅಲ್ವಾ? ದೋಣಿ ಮಗುಚಿದರೂ ಮುಳುಗದೆ ತೇಲೋದು ಅವುಗಳಿಂದಲೇ. ಈ ದೋಣಿಗಳು ಕೆಡೋದೂ ಅಲ್ಲಿಂದಲೇ. ಯಾರೋ ಒಮ್ಮೆ ಮುಚ್ಚಳ ಬಿಗಿಯಾಗಿ ಹಾಕಿ ಚಳಿಗಾಲಕ್ಕೆ ಇಟ್ಟಿರುತ್ತಾರೆ. ಒಳಗೆ ಒಂದು ಲೋಟ ನೀರು ಉಳಿದಿರುತ್ತದೆ. ಗಾಳಿ ಆಡೋದಿಲ್ಲ. ಹೊರಗಿಂದ ನೋಡಿದರೆ ದೋಣಿ ಚಂದ, ಒಳಗೆ ಮರ ಕೊಳೆಯುತ್ತಿರುತ್ತದೆ.

ಮುಚ್ಚಳ ತೆಗೆದು ಮೊದಲು ಮೂಸಿ ನೋಡಿ. ಒಣ ಮರದ ವಾಸನೆ ಬಂದರೆ ಒಳ್ಳೇದು. ಅಣಬೆ ವಾಸನೆ ಬಂದರೆ ಕೆಲಸ ಇದೆ. ಆಮೇಲೆ ಟಾರ್ಚ್ ಮತ್ತು ಚಿಕ್ಕ ಕನ್ನಡಿ ಹಿಡಿದು ಮೂಲೆ ಮೂಲೆ ನೋಡಿ. ಇನ್ನೊಂದು ಜಾಗ ನಡುಹಲಗೆಯ ಗೂಡು. ದೋಣಿ ಗಾಳಿಗೆ ಪಕ್ಕಕ್ಕೆ ಜಾರದ ಹಾಗೆ ನಡುವೆ ನೀರಿಗೆ ಇಳಿಬಿಡೋ ಹಲಗೆ ಇದೆಯಲ್ಲ, ಅದು ಕೂರೋ ಗೂಡು. ಅದರ ಬುಡದ ಸುತ್ತ ಸೋರೋದು ತುಂಬ ಸಾಮಾನ್ಯ.

ಉಳಿಸುತ್ತಿಗೆ (ಬೆಂಗಳೂರು) · ಸೆಪ್ಟೆಂಬರ್ 15

ನಾನು ಬಡಗಿ. ದೋಣಿ ಮಾಡಿದವನಲ್ಲ, ಆದರೆ ಪ್ಲೈವುಡ್ ಜೊತೆ 26 ವರ್ಷ ಕೆಲಸ ಮಾಡಿದ್ದೇನೆ. ರಟ್ಲೆಂಡ್ ಗಾಳಿ ಮೇಡಂ ಹೇಳಿದ್ದು ಸರಿ.

ಒಂದು ದಬ್ಬಣ ತಗೊಳ್ಳಿ. ದೋಣಿಯ ಮೈಯೆಲ್ಲಾ ಬೆರಳ ಗೆಣ್ಣಿಂದ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಕ್ ಅನ್ನುತ್ತದೆ. ಕೊಳೆತದ್ದು ಹೂ ಕುಂಬಳಕಾಯಿ ತಟ್ಟಿದ ಹಾಗೆ ಮಂಕಾಗಿ ಕೇಳುತ್ತದೆ. ಮಂಕಾಗಿ ಕೇಳಿದ ಕಡೆ ದಬ್ಬಣ ಚುಚ್ಚಿ. ಸೀಮೆಸುಣ್ಣದಿಂದ ಸುತ್ತ ಗೆರೆ ಹಾಕಿ. ಪೂರ್ತಿ ತಟ್ಟಿ ಮುಗಿಸೋ ತನಕ ಏನನ್ನೂ ಕತ್ತರಿಸಬೇಡಿ. ಎಷ್ಟು ಕೆಲಸ ಇದೆ ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ಇಲ್ಲದಿದ್ದರೆ ಒಂದು ಮೂಲೆ ಸರಿ ಮಾಡುವಷ್ಟರಲ್ಲಿ ಇನ್ನೊಂದು ಕಂಡು ಮನಸ್ಸು ಕುಗ್ಗುತ್ತದೆ.

ಆಮೇಲೆ ಒಣಗಿಸಿ. ಇದಕ್ಕೆ ಅವಸರ ಬೇಡ. ನೆರಳಲ್ಲಿ, ಗಾಳಿ ಆಡೋ ಕಡೆ, ಒಂದು ತಿಂಗಳಾದರೂ ಇಡಿ. ಒದ್ದೆ ಮರಕ್ಕೆ ಯಾವ ಅಂಟೂ ನಿಲ್ಲೋದಿಲ್ಲ.

ಶರಾವತಿ ದಂಡೆ (ಹೊನ್ನಾವರ) · ಸೆಪ್ಟೆಂಬರ್ 15

ಓದಿ ಖುಷಿಯಾಯಿತು ಮಾರಾಯ್ರೆ. ನಮ್ಮ ಅಜ್ಜ ದೋಣಿ ನಡೆಸುತ್ತಿದ್ದವರು. ಮಧ್ಯಾಹ್ನ ಕಡಲಗಾಳಿ ಏಳೋದನ್ನೇ ಕಾದು ಹಾಯಿ ಏರಿಸಿ ಶರಾವತಿಯಲ್ಲಿ ಗೇರುಸೊಪ್ಪೆ ಕಡೆ ಹೋಗುತ್ತಿದ್ದರಂತೆ. ವಾಪಸ್ ಬರೋವಾಗ ಹೊಳೆಯ ಸೆಳೆತವೇ ಸಾಕು.

ಒಂದು ವಿಷಯ ಕೇಳಬೇಕು. ಈ ಮಿರರ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು ಆಮೇಲೆ ಅಂಟಿಸುತ್ತಾರೆ ಅಂತ ಎಲ್ಲೋ ಓದಿದ್ದೆ. ನಿಜವಾ? ನಿಜ ಆದರೆ ಅದು ನಮಗೆ ಹೊಸದಲ್ಲ. ನಮ್ಮ ಪಡುಕರಾವಳಿಯಲ್ಲಿ ಹಲಗೆಗೆ ಸಾಲಾಗಿ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿದು ದೋಣಿ ಕಟ್ಟುತ್ತಿದ್ದರು. ಒಂದು ಮೊಳೆಯೂ ಇಲ್ಲ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ ಇದೆಯಲ್ಲ, ಅದೂ ಹೀಗೆ ಹೊಲಿದ ಹಡಗೇ.

ಅಜ್ಜ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ದೋಣಿಯನ್ನು ದಡಕ್ಕೆ ಎಳೆದು ಮೀನೆಣ್ಣೆ ಬಳಿಯುತ್ತಿದ್ದರು. ಮೇಲೆ ತೆಂಗಿನ ಮಡಲು ಹೊದಿಸುತ್ತಿದ್ದರು. ಆದರೆ ಎರಡೂ ತುದಿ ತೆರೆದೇ ಇರಬೇಕು, ಗಾಳಿ ಹಾಯಬೇಕು. "ದೋಣಿ ನೀರಲ್ಲಿ ಸಾಯೋದಿಲ್ಲ, ಉಸಿರು ಕಟ್ಟಿ ಸಾಯ್ತದೆ" ಅಂತಿದ್ದರು. ಮೇಡಂ ಪೆಟ್ಟಿಗೆಯ ಮುಚ್ಚಳದ ವಿಷಯ ಬರೆದಾಗ ಆ ಮಾತೇ ನೆನಪಾಯಿತು.

ಕೆಂಪುಹಾಯಿ · ಸೆಪ್ಟೆಂಬರ್ 22

ಹೌದು, ತಾಮ್ರದ ತಂತಿ ನಿಜ. ಬಣ್ಣ ಎದ್ದ ಕಡೆ ಸಾಲಾಗಿ ಚಿಕ್ಕ ಚಿಕ್ಕ ಹಸಿರು ಚುಕ್ಕೆ ಕಾಣುತ್ತವೆ. ಮಗಳಿಗೆ ನಿಮ್ಮ ಬರಹ ಓದಿ ಹೇಳಿದೆ. ಅವಳು ಬೆರಳಿಟ್ಟು ಹೊಲಿಗೆ ಎಣಿಸುತ್ತಾ ಕೂತಳು.

ಪೆಟ್ಟಿಗೆಗಳನ್ನು ತೆರೆದೆವು. ಹಿಂದಿನದು ಒಣಗಿದೆ. ಎಡಗಡೆಯದೂ ಚೆನ್ನಾಗಿದೆ. ಬಲಗಡೆಯದರಲ್ಲಿ ಸ್ವಲ್ಪ ಕಪ್ಪು ಇದೆ, ಮರ ಗಟ್ಟಿ. ಮುಂದಿನ ಪೆಟ್ಟಿಗೆ ಮುಚ್ಚಳ ತೆಗೆದ ಕೂಡಲೇ ವಾಸನೆ ಬಂತು. ಎಲೆ ಗೊಬ್ಬರ ತುಂಬಿತ್ತು. ತಳದಲ್ಲಿ ಅಂಗೈ ಅಗಲದ ಎರಡು ಕಡೆ ಮರ ಪುಡಿಪುಡಿಯಾಗಿ ಬಂತು. ಮುಂದಿನ ಚಪ್ಪಟೆ ಹಲಗೆಯ ಕೆಳಗಿನ ಅಂಚೂ ಹೋಗಿದೆ. ನಡುಹಲಗೆಯ ಗೂಡಿನ ಬುಡದಲ್ಲಿ ಬಿರುಕಿದೆ.

ಸೀಮೆಸುಣ್ಣ ಹಾಕಿ ನೋಡಿದೆ. ಒಟ್ಟು ಐದು ಕಡೆ. ಸ್ನಾನದ ಮನೆಯ ತೂಕದ ಯಂತ್ರ ಎರಡು ಇಟ್ಟು ತೂಗಿದೆವು, 61 ಕೆಜಿ. ಹೊಸ ಮಿರರ್‌ನ ಬರೀ ಒಡಲು 45.5 ಕೆಜಿ ಇರಬೇಕು. ಅಂದರೆ 15 ಕೆಜಿಗೂ ಜಾಸ್ತಿ ನೀರು ಮತ್ತು ಹಳೇ ಬಣ್ಣ.

ಪಡುಗಾಳಿ (ಮಲ್ಪೆ) · ಸೆಪ್ಟೆಂಬರ್ 23

ಐದು ಕಡೆ ತೇಪೆ ಹಾಕೋ ಬದಲು ಹೊರಮೈಗೆಲ್ಲ ಗ್ಲಾಸ್ ಬಟ್ಟೆ (ಗಾಜಿನ ಎಳೆಯ ಬಟ್ಟೆ) ಹೊದಿಸಿ ರೆಸಿನ್ (ಗಟ್ಟಿಯಾಗೋ ಅಂಟು) ಬಳಿದುಬಿಡಿ. ನಮ್ಮ ಕಡೆ ಮರದ ದೋಣಿಗಳಿಗೆ ಫೈಬರ್ ಹೊದಿಸೋದು ಈಗ ಮಾಮೂಲು. ಒಂದು ಸಲ ಮಾಡಿದರೆ ವರ್ಷ ವರ್ಷ ಕೆಲಸ ಇಲ್ಲ. ಮಕ್ಕಳು ದಡಕ್ಕೆ ಗುದ್ದಿದರೂ ತಡೆಯುತ್ತದೆ.

ಉಳಿಸುತ್ತಿಗೆ · ಸೆಪ್ಟೆಂಬರ್ 23

ಪಡುಗಾಳಿಯವರೇ, ನೀವು ಹೇಳೋ ದೋಣಿಯ ಹಲಗೆ ದಪ್ಪ. ಇದು 5 ಮಿಲಿಮೀಟರ್ ಪ್ಲೈ. ಒಳಗೆ ಕೊಳೆ ಬಿಟ್ಟು ಮೇಲೆ ಫೈಬರ್ ಹೊದಿಸಿದರೆ ಒದ್ದೆ ಒಳಗೇ ಉಳಿಯುತ್ತದೆ. ಎರಡು ವರ್ಷ ಆದಮೇಲೆ ಫೈಬರ್ ಚಿಪ್ಪು ಮಾತ್ರ ಇರುತ್ತದೆ, ಮರ ಇರೋದಿಲ್ಲ. ಕೊಳೆತದ್ದನ್ನು ಕತ್ತರಿಸಲೇಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ಪಡುಗಾಳಿ · ಸೆಪ್ಟೆಂಬರ್ 23

ಕೊಳೆತದ್ದು ಬಿಟ್ಟು ಹೊದಿಸಿ ಅಂತ ನಾನು ಹೇಳಲಿಲ್ಲ. ಕತ್ತರಿಸಿ, ಸರಿ ಮಾಡಿ, ಆಮೇಲೆ ಹೊದಿಸಿ. ಆದರೆ ದಪ್ಪದ ಮಾತು ಒಪ್ಪುತ್ತೇನೆ. ಇಷ್ಟು ತೆಳು ಪ್ಲೈ ಅಂತ ಗೊತ್ತಿರಲಿಲ್ಲ.

ರಟ್ಲೆಂಡ್ ಗಾಳಿ · ಸೆಪ್ಟೆಂಬರ್ 24

ಇಬ್ಬರ ಮಾತಿನಲ್ಲೂ ಹುರುಳಿದೆ. ನನ್ನ ಸಲಹೆ ಇದು. ಪೂರ್ತಿ ಹೊದಿಸಿದರೆ ತೂಕ ಏರುತ್ತದೆ. ಇಬ್ಬರು ದೊಡ್ಡವರು ಎತ್ತಿ ಕಾರಿನ ಮೇಲೆ ಇಡೋ ದೋಣಿ ಇದು. ಆ ಸುಖ ಹೋಗಿಬಿಡುತ್ತದೆ. ಭಾರ ಆದ ದೋಣಿ ಮನೆಯಿಂದ ಹೊರಗೆ ಬರೋದೇ ಇಲ್ಲ, ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಅದರ ಬದಲು ಹಲಗೆ ಹಲಗೆ ಸೇರೋ ಅಂಚುಗಳಿಗೆ ಮಾತ್ರ ಹೊಸ ಗ್ಲಾಸ್ ಟೇಪ್ ಹಾಕಿ. ದಡಕ್ಕೆ ತಾಗೋದು ಅಂಚೇ.

ಆಗಿನ ಕಿಟ್‌ಗಳಲ್ಲಿ ಪಾಲಿಯೆಸ್ಟರ್ ರೆಸಿನ್ ಕೊಡುತ್ತಿದ್ದರು. ಅದು ಮರಕ್ಕೆ ಅಷ್ಟು ಗಟ್ಟಿಯಾಗಿ ಹಿಡಿಯೋದಿಲ್ಲ. ಹಳೇ ಟೇಪ್‌ನ ತುದಿಗೆ ಉಳಿ ಕೊಟ್ಟು ಮೆಲ್ಲಗೆ ಎಬ್ಬಿಸಿ. ಸಲೀಸಾಗಿ ಎದ್ದರೆ ತೆಗೆದುಬಿಡಿ. ಎದ್ದೇಳದಿದ್ದರೆ ಹಾಗೇ ಬಿಟ್ಟು, ಚೆನ್ನಾಗಿ ಉಜ್ಜಿ ಮೇಲೆ ಎಪಾಕ್ಸಿ (ಎರಡು ದ್ರವ ಬೆರೆಸಿ ಮಾಡೋ ಗಟ್ಟಿ ಅಂಟು) ಹಾಕಿ. ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಕೂರುತ್ತದೆ. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಹಾಕಲೇಬೇಡಿ.

ರಾಳ (ಮೈಸೂರು) · ಸೆಪ್ಟೆಂಬರ್ 25

ನಾನು ಪಾಲಿಮರ್ ವಿಭಾಗದಲ್ಲಿ ಕೆಲಸ ಮಾಡುವವಳು. ಮನೆಯಲ್ಲಿ ಮಕ್ಕಳಿದ್ದಾರೆ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಮೊದಲು ಹಳೇ ಬಣ್ಣ. 70ರ ದಶಕದ ದೋಣಿಯ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ ಬಣ್ಣವನ್ನು ಮೆಷಿನ್ ಹಾಕಿ ಉಜ್ಜಿದರೆ ಪುಡಿ ಮನೆಯೆಲ್ಲಾ ಹರಡುತ್ತದೆ. ಸೀಸ ಮಕ್ಕಳ ಮಿದುಳಿಗೆ ವಿಷ. ಪರೀಕ್ಷೆ ಮಾಡೋ ಕಡ್ಡಿ ಸಿಗುತ್ತದೆ, ತಂದು ನೋಡಿ. ಸೀಸ ಇದ್ದರೆ ಉಪ್ಪುಕಾಗದವನ್ನು ನೀರಲ್ಲಿ ನೆನೆಸಿ ಉಜ್ಜಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಆ ಬಟ್ಟೆ ಮನೆಯೊಳಗೆ ತರಬೇಡಿ. ಈ ಕೆಲಸಕ್ಕೆ ಮಕ್ಕಳು ಬೇಡವೇ ಬೇಡ.

ಎರಡನೇದು ಎಪಾಕ್ಸಿ. ಅದು ಗಟ್ಟಿಯಾಗೋ ತನಕ ಚರ್ಮಕ್ಕೆ ತಾಗಬಾರದು. ಒಂದು ಸಲ, ಎರಡು ಸಲ ಏನೂ ಆಗೋದಿಲ್ಲ. ಮೂರನೇ ಸಲವೋ ಮೂವತ್ತನೇ ಸಲವೋ ಮೈ ತುರಿಕೆ ಶುರುವಾಗುತ್ತದೆ. ಒಮ್ಮೆ ಶುರುವಾದರೆ ಜೀವನಪೂರ್ತಿ ಎಪಾಕ್ಸಿ ಹತ್ತಿರ ಹೋಗೋಕಾಗೋದಿಲ್ಲ. ನೈಟ್ರೈಲ್ ಕೈಗವಸು ಹಾಕಿ. ಕೈಗೆ ತಾಗಿದರೆ ಥಿನ್ನರ್ ಹಚ್ಚಿ ಒರೆಸಬೇಡಿ, ಅದು ಇನ್ನೂ ಒಳಗೆ ಎಳೆದುಕೊಂಡು ಹೋಗುತ್ತದೆ. ಸೋಪು ನೀರು ಸಾಕು. ಅರೆಬರೆ ಗಟ್ಟಿಯಾದ ಎಪಾಕ್ಸಿ ಉಜ್ಜಿದ ಪುಡಿಯೂ ಅಷ್ಟೇ ಕೆಟ್ಟದ್ದು. ಒಂದು ವಾರ ಬಿಟ್ಟು ಉಜ್ಜಿ, ಮುಖವಾಡ ಹಾಕಿಕೊಂಡು.

ಮೂರನೇದು ಅಳತೆ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ (ಎಪಾಕ್ಸಿಗೆ ಬೆರೆಸಿ ಗಟ್ಟಿ ಮಾಡೋ ದ್ರವ) ಜಾಸ್ತಿ ಹಾಕಬೇಡಿ. ಬೇಗ ಆಗೋದಿಲ್ಲ, ಮೆತ್ತಗೆ ಉಳಿಯುತ್ತದೆ ಅಷ್ಟೇ. ಡಬ್ಬಿ ಮೇಲೆ ಎಷ್ಟಕ್ಕೆ ಎಷ್ಟು ಅಂತ ಬರೆದಿದೆಯೋ ಅಷ್ಟೇ. ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಜಿಡ್ಡು ಜಿಡ್ಡಾದ ಪದರ ಬರುತ್ತದೆ, ಚಳಿ ಮತ್ತು ತೇವ ಇದ್ದರೆ ಇನ್ನೂ ಜಾಸ್ತಿ. ಅದನ್ನು ಮೊದಲು ನೀರಲ್ಲಿ ತೊಳೆದು ಆಮೇಲೆ ಉಜ್ಜಿ. ತೊಳೆಯದೆ ಬಣ್ಣ ಹಚ್ಚಿದರೆ ಬಣ್ಣ ಕಿತ್ತು ಬರುತ್ತದೆ.

ಕೆಂಪುಹಾಯಿ · ಸೆಪ್ಟೆಂಬರ್ 26

ಮೇಡಂ, ತುಂಬ ಉಪಕಾರ. ಕಡ್ಡಿ ತಂದು ನೋಡಿದೆ. ಕೆಳಗಿನ ನೀಲಿ ಪದರದಲ್ಲಿ ಸೀಸ ಇದೆ ಅಂತ ತೋರಿಸಿತು. ನಿಮ್ಮ ಮಾತು ಓದದಿದ್ದರೆ ಈ ಭಾನುವಾರ ಮಕ್ಕಳ ಕೈಗೆ ಉಪ್ಪುಕಾಗದ ಕೊಟ್ಟು ಕೂರಿಸುತ್ತಿದ್ದೆ. ಆ ಕೆಲಸ ನಾನೊಬ್ಬನೇ ಮಾಡುತ್ತೇನೆ.

ಉಳಿಸುತ್ತಿಗೆ · ಅಕ್ಟೋಬರ್ 3

ಒಣಗುವಷ್ಟರಲ್ಲಿ ತೇಪೆಯ ವಿಷಯ ಹೇಳಿಬಿಡುತ್ತೇನೆ. ಕೊಳೆತ ಜಾಗದ ಸುತ್ತ ಎರಡು ಬೆರಳು ಗಟ್ಟಿ ಮರವನ್ನೂ ಸೇರಿಸಿ ಕತ್ತರಿಸಿ. ಮೂಲೆ ಚೌಕ ಬೇಡ, ದುಂಡಗೆ ಇರಲಿ. ಆಮೇಲೆ ಅಂಚನ್ನು ಓರೆಯಾಗಿ ಕೀಸಿ. ದಪ್ಪದ ಎಂಟು ಪಟ್ಟು ಓರೆ ಇರಬೇಕು. 5 ಮಿಲಿಮೀಟರ್ ಪ್ಲೈ ಅಂದರೆ 40 ಮಿಲಿಮೀಟರ್ ಓರೆ. ಹೊಸ ತುಂಡಿಗೂ ಅಷ್ಟೇ ಓರೆ, ಎದುರು ದಿಕ್ಕಿನಲ್ಲಿ.

ಓರೆ ಸರಿ ಬಂದಿದೆಯಾ ಅಂತ ನೋಡೋದು ಸುಲಭ. ಪ್ಲೈಯಲ್ಲಿ ಪದರಗಳಿರುತ್ತವೆ ಅಲ್ವಾ? ಕೀಸುತ್ತಾ ಹೋದ ಹಾಗೆ ಒಂದೊಂದು ಪದರವೂ ಪಟ್ಟೆಯಾಗಿ ಕಾಣುತ್ತದೆ. ತಿಳಿ, ಕಪ್ಪು, ತಿಳಿ. ಪಟ್ಟೆಗಳ ಗೆರೆ ನೇರ ಇದ್ದರೆ ಓರೆಯೂ ಸರಿ ಇದೆ. ಗೆರೆ ಅಂಕುಡೊಂಕಾದರೆ ಅಲ್ಲಿ ಉಬ್ಬೋ ತಗ್ಗೋ ಇದೆ. ಕಣ್ಣೇ ಅಳತೆಗೋಲು. ಕೀಸುಳಿಯ ಬಾಯಿ ಚೂಪಾಗಿರಲಿ.

ಪ್ಲೈ ಮಾತ್ರ ಒಳ್ಳೇದು ತಗೊಳ್ಳಿ. ನಮ್ಮಲ್ಲಿ ಮರೀನ್ ಪ್ಲೈ ಅಂದರೆ ಐಎಸ್ 710. ಅಡುಗೆಮನೆ ಕೆಲಸಕ್ಕೆ ಎಲ್ಲರೂ ಸೆವೆನ್ ಟೆನ್ ಕೊಡಿ ಅಂತಲೇ ಕೇಳುತ್ತಾರೆ. 72 ಗಂಟೆ ಕುದಿಸಿದರೂ ಅಂಟು ಬಿಡಬಾರದು ಅನ್ನೋದು ಅದರ ಪರೀಕ್ಷೆ. ನಿಮ್ಮಲ್ಲಿ ಅದಕ್ಕೆ ಯಾವ ನಂಬರೋ ಗೊತ್ತಿಲ್ಲ.

ರಟ್ಲೆಂಡ್ ಗಾಳಿ · ಅಕ್ಟೋಬರ್ 3

ಇಲ್ಲಿ ಬಿಎಸ್ 1088. ಗಬೂನ್ ಮರದ್ದು ಕೇಳಿ, ಹಗುರ ಇರುತ್ತದೆ.

ಕೆಂಪುಹಾಯಿ · ಡಿಸೆಂಬರ್ 8

ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ. ದೋಣಿ ಗ್ಯಾರೇಜಿನಲ್ಲಿ ಮಗುಚಿಕೊಂಡಿದೆ, ಕಾರು ಬೀದಿಯಲ್ಲಿದೆ.

ಆರು ವಾರ ಒಣಗಿಸಿದೆವು. 61 ಇದ್ದದ್ದು 53 ಕೆಜಿಗೆ ಇಳಿಯಿತು. ಬಣ್ಣ ಪೂರ್ತಿ ತೆಗೆದಿದ್ದೇನೆ. ಹಳೇ ಟೇಪ್ ಅರ್ಧದಷ್ಟು ಬಾಳೆಯ ಸಿಪ್ಪೆ ಸುಲಿದ ಹಾಗೆ ಎದ್ದು ಬಂತು.

ತಾಮ್ರದ ತಂತಿಯ ಕೆಲವು ತುಂಡು ಕೆಟ್ಟ ಮರದಲ್ಲೇ ಸಿಕ್ಕಿಕೊಂಡಿದ್ದವು. ಎಳೆದರೆ ಮರವೇ ಸೀಳುತ್ತಿತ್ತು. ಸಾಲ್ಡರಿಂಗ್ ಕಡ್ಡಿಯ ತುದಿಯನ್ನು ತಂತಿಗೆ ಮುಟ್ಟಿಸಿ ಹತ್ತು ಎಣಿಸಿದರೆ ಸಾಕು. ತಾಮ್ರ ಕಾಯುತ್ತದೆ, ಸುತ್ತಲಿನ ರೆಸಿನ್ ಮೆತ್ತಗಾಗುತ್ತದೆ, ಇಕ್ಕುಳದಲ್ಲಿ ಎಳೆದರೆ ಬೆಣ್ಣೆಯಿಂದ ಕೂದಲು ಬಂದ ಹಾಗೆ ಬರುತ್ತದೆ. ಎಣಿಸೋದು ಮಗಳ ಕೆಲಸ. ಕನ್ನಡದಲ್ಲೇ ಎಣಿಸಬೇಕು ಅಂತ ಅವರಮ್ಮ ಹೇಳಿದ್ದಾಳೆ. ಒಟ್ಟು 23 ತುಂಡು ತೆಗೆದೆವು. ಮಗ ಅವನ್ನೆಲ್ಲ ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿ ಇಟ್ಟುಕೊಂಡಿದ್ದಾನೆ.

ಓರೆ ಕೀಸೋದು ಮೊದಲ ಸಲ ಕೆಟ್ಟಿತು. ಎರಡನೇ ಸಲ ಪಟ್ಟೆಗಳು ನೇರವಾಗಿ ಬಂದವು. ಉಳಿಸುತ್ತಿಗೆ ಅಣ್ಣಾ, ಆ ಪಟ್ಟೆ ನೋಡಿದಾಗ ಆದ ಸಂತೋಷ ಹೇಳೋಕಾಗೋದಿಲ್ಲ. ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ.

ಒಂದು ತಪ್ಪು ಮಾಡಿದೆ, ಬೇರೆಯವರು ಮಾಡದಿರಲಿ ಅಂತ ಬರೆಯುತ್ತೇನೆ. ಐದು ತೇಪೆಗೂ ಒಟ್ಟಿಗೆ ಆಗಲಿ ಅಂತ ಒಂದು ಡಬ್ಬಿಯಲ್ಲಿ ಅರ್ಧ ಲೀಟರ್ ಎಪಾಕ್ಸಿ ಕಲಸಿದೆ. ಮೂರನೇ ತೇಪೆ ಹಚ್ಚೋ ಹೊತ್ತಿಗೆ ಡಬ್ಬಿ ಕೈಗೆ ಸುಟ್ಟಿತು. ನೋಡುತ್ತಿದ್ದ ಹಾಗೇ ಹೊಗೆ ಬಂತು, ಪ್ಲಾಸ್ಟಿಕ್ ಡಬ್ಬಿ ಕರಗಿ ಸೊಟ್ಟಗಾಯಿತು. ಓಡಿ ಹೊರಗೆ ಇಟ್ಟೆ.

ರಾಳ · ಡಿಸೆಂಬರ್ 8

ಹೊರಗೆ ಇಟ್ಟಿದ್ದು ಒಳ್ಳೇದಾಯಿತು. ಗಟ್ಟಿಯಾಗೋವಾಗ ಎಪಾಕ್ಸಿ ಬಿಸಿ ಬಿಡುತ್ತದೆ. ಆಳದ ಡಬ್ಬಿಯಲ್ಲಿ ಆ ಬಿಸಿಗೆ ಹೋಗೋಕೆ ಜಾಗ ಇಲ್ಲ. ಬಿಸಿ ಏರಿದ ಹಾಗೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಇನ್ನೂ ಬಿಸಿ ಬಿಡುತ್ತದೆ. ಬೆಂಕಿ ಹತ್ತೋದೂ ಉಂಟು. ಒಂದು ಸಲಕ್ಕೆ ಸ್ವಲ್ಪವೇ ಕಲಸಿ. ಕಲಸಿದ ಕೂಡಲೇ ಅಗಲದ ತಟ್ಟೆಗೆ ಸುರಿಯಿರಿ. ತೆಳ್ಳಗೆ ಹರಡಿದರೆ ಕೆಲಸಕ್ಕೆ ಹೊತ್ತು ಜಾಸ್ತಿ ಸಿಗುತ್ತದೆ.

ನಿಮ್ಮಲ್ಲಿ ಈಗ ಚಳಿ ಅಲ್ವಾ? ತೇಪೆಗೆ ಹಾಕಿದ್ದು ಗಟ್ಟಿಯಾಯಿತಾ?

ಕೆಂಪುಹಾಯಿ · ಡಿಸೆಂಬರ್ 9

ಗ್ಯಾರೇಜಿನಲ್ಲಿ 6 ಡಿಗ್ರಿ ಇತ್ತು. ಮಾರನೇ ದಿನವೂ ಅಂಟಂಟು. ಆಮೇಲೆ ದೋಣಿ ಮೇಲೆ ಹಳೇ ಕಂಬಳಿಗಳನ್ನು ಡೇರೆ ಥರ ಕಟ್ಟಿ, ಕೆಳಗೆ ಬಿಸಿನೀರಿನ ರಬ್ಬರ್ ಚೀಲಗಳನ್ನು ಇಟ್ಟೆವು. ನಾಲ್ಕು ಗಂಟೆಗೊಮ್ಮೆ ನೀರು ಬದಲಾಯಿಸಿದೆವು. ಎರಡು ದಿನಕ್ಕೆ ಕಲ್ಲಾಯಿತು.

ಹಿನ್ನೀರು (ಮೈಸೂರು) · ಜನವರಿ 11

ಇದನ್ನೆಲ್ಲ ಓದುತ್ತಾ ಆಸೆ ಹುಟ್ಟಿದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೈನಿಕರು ಹಾಯಿದೋಣಿ ಓಡಿಸೋದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಇಲ್ಲೇ ಕರ್ನಾಟಕದಲ್ಲಿ ಇಂಥ ದೋಣಿ ಕಟ್ಟೋಕೆ ಆಗುತ್ತಾ? ಸೆವೆನ್ ಟೆನ್ ಪ್ಲೈ ಸಾಕಾ?

ಉಳಿಸುತ್ತಿಗೆ · ಜನವರಿ 11

ಆಗುತ್ತದೆ. ಆದರೆ ಗರ್ಜನ್ ಮರದ 710 ಭಾರ. ಅಂಗಡಿಯಲ್ಲಿ ಹಾಳೆಯ ನಾಲ್ಕೂ ಅಂಚು ನೋಡಿ. ನಡು ಪದರದಲ್ಲಿ ಸಂದಿ ಕಂಡರೆ ಬೇಡ. ಕಪಾಟಿಗೆ ಆ ಸಂದಿಯಿಂದ ತೊಂದರೆ ಇಲ್ಲ. ದೋಣಿ ಬಗ್ಗಿಸೋವಾಗ ಅಲ್ಲೇ ಮುರಿಯುತ್ತದೆ. ಒಂದು ತುಂಡು ಕತ್ತರಿಸಿ ಕೊಡಿಸಿಕೊಂಡು ಮನೆಯಲ್ಲಿ ಕುದಿಸಿ ನೋಡಿ, ಅಂಗಡಿಯವರ ಮಾತು ನಂಬಿ ಇಡೀ ಹಾಳೆ ತರಬೇಡಿ.

ಶರಾವತಿ ದಂಡೆ · ಜನವರಿ 12

ಜಲಾಶಯದಲ್ಲಿ ಇಳಿಸೋ ಮೊದಲು ಅನುಮತಿ ಕೇಳಿ. ಎಲ್ಲ ಕಡೆ ಬಿಡೋದಿಲ್ಲ. ಮರದ ಒಳಮೈಗೆ ಗೇರೆಣ್ಣೆ ಹಚ್ಚೋ ಯೋಚನೆ ಇದ್ದರೆ ಅಂಟಿಸೋ ಕೆಲಸ ಎಲ್ಲ ಮುಗಿದ ಮೇಲೆ ಹಚ್ಚಿ. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯೋದಿಲ್ಲ. ಗೇರೆಣ್ಣೆ ಕೈಗೆ ತಾಗಿದರೆ ಸುಡುತ್ತದೆ, ಅದೂ ನೆನಪಿರಲಿ.

ಕೆಂಪುಹಾಯಿ · ಮಾರ್ಚ್ 2

ಒಡಲಿನ ಕೆಲಸ ಮುಗಿಯಿತು. ಈಗ ಬಣ್ಣ. ಹೊರಗೆ ತಿಳಿ ಹಳದಿ. ಒಳಗೂ ಬಣ್ಣ ಹಚ್ಚಿದರೆ ತೇಪೆಗಳು ಕಾಣೋದಿಲ್ಲ. ಹಚ್ಚಲಾ?

ರಟ್ಲೆಂಡ್ ಗಾಳಿ · ಮಾರ್ಚ್ 2

ಒಳಗೆ ವಾರ್ನಿಷ್ ಹಚ್ಚಿ. ತೇಪೆ ಕಾಣಲಿ ಬಿಡಿ, ಅದು ನೀವು ಮಾಡಿದ ಕೆಲಸ. ಮರ ಕಪ್ಪಾಗೋಕೆ ಶುರುವಾದರೆ ವಾರ್ನಿಷ್ ಕೆಳಗೆ ತಕ್ಷಣ ಕಾಣುತ್ತದೆ. ಬಣ್ಣದ ಕೆಳಗಾದರೆ ಹೆಬ್ಬೆರಳು ಒಳಗೆ ಹೋದ ಮೇಲೇ ಗೊತ್ತಾಗೋದು. ಎಪಾಕ್ಸಿ ಹಚ್ಚಿದ ಕಡೆಯನ್ನು ಮಾತ್ರ ಹಾಗೇ ಬಿಸಿಲಿಗೆ ಬಿಡಬೇಡಿ. ಬಿಸಿಲಿಗೆ ಎಪಾಕ್ಸಿ ಪುಡಿಯಾಗುತ್ತದೆ. ಬಿಸಿಲು ತಡೆಯೋ ವಾರ್ನಿಷ್ ಮೇಲೆ ಬರಲೇಬೇಕು.

ಹಾಯಿಯನ್ನು ಉಗುರು ಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ ಕೈಯಲ್ಲೇ ತೊಳೆಯಿರಿ. ವಾಷಿಂಗ್ ಮೆಷಿನ್ ಬೇಡ. ಬೂಷ್ಟಿನ ಕಲೆ ಪೂರ್ತಿ ಹೋಗೋದಿಲ್ಲ, ಪರವಾಗಿಲ್ಲ. ನೋಡಬೇಕಾದ್ದು ಹೊಲಿಗೆಯನ್ನು. ಬಟ್ಟೆಗಿಂತ ಮೊದಲು ದಾರ ಬಿಸಿಲಿಗೆ ಸಾಯುತ್ತದೆ. ಹೊಲಿಗೆ ಮೇಲೆ ಉಗುರಿಂದ ಗೀರಿ. ದಾರ ತುಂಡಾದರೆ ಮತ್ತೆ ಹೊಲಿಸಬೇಕು. ಕೂವೆಮರ ಹಿಡಿಯೋ ಸ್ಟೀಲ್ ತಂತಿಯ ಮೇಲೆ ಒಂದು ಚೂರು ಬಟ್ಟೆ ಎಳೆಯಿರಿ. ಬಟ್ಟೆ ಸಿಕ್ಕಿಕೊಂಡ ಕಡೆ ಒಂದು ಎಳೆ ಮುರಿದಿದೆ ಅಂತ ಅರ್ಥ. ಹಾಗಿದ್ದರೆ ಯೋಚನೆ ಮಾಡಬೇಡಿ, ಹೊಸ ತಂತಿ ಹಾಕಿ.

ಶರಾವತಿ ದಂಡೆ · ಮಾರ್ಚ್ 4

ಮಕ್ಕಳಿಗೆ ಕನ್ನಡದ ಹೆಸರುಗಳನ್ನೂ ಕಲಿಸಿ. ಹಾಯಿ, ಕೂವೆಮರ, ಚುಕ್ಕಾಣಿ, ಹುಟ್ಟು, ಲಂಗರು. ಆಳ ಇಲ್ಲದ ಕಡೆ ನೆಲಕ್ಕೆ ಊರಿ ತಳ್ಳೋದು ಗಳ. ಹಾಯಿಯ ಕೆಳಗಿನ ಅಡ್ಡ ಗಳಕ್ಕೂ ಒಂದು ಹೆಸರು ಅಜ್ಜ ಹೇಳುತ್ತಿದ್ದರು, ಈಗ ನೆನಪಾಗುತ್ತಿಲ್ಲ. ಅಮ್ಮನನ್ನು ಕೇಳಿ ಬರೆಯುತ್ತೇನೆ.

ಕೆಂಪುಹಾಯಿ · ಮಾರ್ಚ್ 4

ಗಳ ಇಲ್ಲೂ ಇದೆ! ಬ್ರಾಡ್ಸ್‌ನಲ್ಲಿ ಕ್ವಾಂಟ್ ಅಂತಾರೆ. ಗಾಳಿ ಬಿದ್ದುಹೋದರೆ ಅದನ್ನೇ ಊರಿ ದೋಣಿ ನಡೆಸೋದು. ಇನ್ನೊಂದು ಅನುಕೂಲ ಏನೆಂದರೆ ಮಿರರ್‌ನ ಕೂವೆಮರ ಗಿಡ್ಡ. ಅದರ ಮೇಲೆ ಇನ್ನೊಂದು ಗಳ ಏರಿಸಿ ಹಾಯಿಗೆ ಎತ್ತರ ಕೊಡೋದು. ಇಳಿಸಿದರೆ ಎಲ್ಲ ಗಳವೂ ದೋಣಿಯೊಳಗೇ ಹಿಡಿಸುತ್ತವೆ. ಪಾಟರ್ ಹೈಯಮ್‌ನ ಹಳೇ ಕಲ್ಲು ಸೇತುವೆ ತುಂಬ ತಗ್ಗು. ಅಂಥ ಕಡೆ ಇದು ತುಂಬ ಉಪಯೋಗ.

ರಟ್ಲೆಂಡ್ ಗಾಳಿ · ಏಪ್ರಿಲ್ 19

ನೀರಿಗಿಳಿಯೋ ಮೊದಲು ಇಷ್ಟು ಮಾಡಿ. ಗಾಳಿಪೆಟ್ಟಿಗೆ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಬಿರಡೆಯ ತೂತಿಗೆ ರಬ್ಬರ್ ಪೈಪ್ ಸಿಕ್ಕಿಸಿ ಬಾಯಿಂದ ಊದಿ. ಪಂಪ್ ಬೇಡ, ಅಂಟೇ ಬಿಟ್ಟುಹೋಗುತ್ತದೆ. ಇನ್ನೊಬ್ಬರು ಸಂದಿಗಳಿಗೆಲ್ಲ ಸೋಪಿನ ನೊರೆ ಹಚ್ಚಲಿ. ಗುಳ್ಳೆ ಎದ್ದ ಕಡೆ ಸೋರುತ್ತಿದೆ. ಈ ಕೆಲಸ ಮಕ್ಕಳಿಗೆ ತುಂಬ ಇಷ್ಟ.

ಮಕ್ಕಳ ಜಾಕೆಟ್ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ನ್ಯೂಟನ್ ಅಂದರೆ ತೇಲಿಸೋ ಬಲದ ಅಳತೆ. 50 ನ್ಯೂಟನ್ ಅಂತ ಬರೆದದ್ದು ಈಜು ಬರೋರಿಗೆ ತೇಲೋಕೆ ನೆರವು, ಅಷ್ಟೇ. ಮುಖ ಮೇಲೆ ತಿರುಗಿಸೋದಿಲ್ಲ. ನಿಮ್ಮ ಮಗನಿಗೆ ಈಜು ಬರದಿದ್ದರೆ ಅವನಿಗೆ 100 ಅಥವಾ 150 ನ್ಯೂಟನ್‌ನ ಲೈಫ್ ಜಾಕೆಟ್ ಬೇಕು, ತೊಡೆಯ ನಡುವಿನ ಪಟ್ಟಿ ಇರೋದು. ದೊಡ್ಡದಾಗಲಿ, ಮುಂದಿನ ವರ್ಷಕ್ಕೂ ಬರುತ್ತದೆ ಅಂತ ತಗೊಳ್ಳಬೇಡಿ. ಭುಜದ ಹತ್ತಿರ ಹಿಡಿದು ಮೇಲೆತ್ತಿದರೆ ಮಗುವಿನ ಕಿವಿ ತನಕ ಜಾರಬಾರದು.

ನಾಲ್ಕು ಜನ ಒಟ್ಟಿಗೆ ಬೇಡ. ಇದು ಇಬ್ಬರ ದೋಣಿ, ಮಕ್ಕಳಾದರೆ ಒಬ್ಬ ದೊಡ್ಡವರ ಜೊತೆ ಇಬ್ಬರು. ಮೊದಲ ದಿನ ಗಾಳಿ 10 ನಾಟ್ (ಗಂಟೆಗೆ ಸುಮಾರು 18 ಕಿಮೀ) ಒಳಗಿರಲಿ. ಕೂವೆಮರದ ತುದಿಗೆ ತೇಲೋ ಚೀಲ ಕಟ್ಟಿದರೆ ಮಗುಚಿದಾಗ ತಲೆಕೆಳಗಾಗೋದು ತಪ್ಪುತ್ತದೆ. ದಡದ ಹತ್ತಿರ ಸೊಂಟದ ನೀರಲ್ಲಿ ಬೇಕೆಂದೇ ಒಮ್ಮೆ ಮಗುಚಿ, ನೀವೇ ಎಬ್ಬಿಸಿ ನೋಡಿ. ಅದಾದ ಮೇಲೆ ಮಕ್ಕಳನ್ನು ಕೂರಿಸಿ.

ಕೆಂಪುಹಾಯಿ · ಮೇ 24

ನಿನ್ನೆ ಇಳಿಸಿದೆವು. ಹಿಕ್ಲಿಂಗ್ ಬ್ರಾಡ್‌ನಲ್ಲಿ.

ಸೋಪಿನ ಪರೀಕ್ಷೆಯಲ್ಲಿ ಎರಡು ಕಡೆ ಗುಳ್ಳೆ ಬಂದಿತ್ತು, ಎಪಾಕ್ಸಿ ಹಾಕಿ ಮುಚ್ಚಿದ್ದೆ. ಬ್ರಾಡ್ಸ್‌ನ ಟೋಲ್ ಕಟ್ಟಿ, ವಿಮೆ ಮಾಡಿಸಿ, ಬೆಳಗ್ಗೆ ಎಂಟಕ್ಕೆ ಹೊರಟೆವು. ಒಟ್ಟು ಖರ್ಚು ದೋಣಿಯ ಬೆಲೆಯೂ ಸೇರಿ 540 ಪೌಂಡ್. ಅದರಲ್ಲಿ ನಾಲ್ಕು ಜಾಕೆಟ್‌ಗೇ 170. ಮೇಡಂ ಹೇಳಿದ ಹಾಗೆ ಅಲ್ಲಿ ಉಳಿಸಲಿಲ್ಲ.

ದೋಣಿ ಕೊಟ್ಟ ಅಜ್ಜನನ್ನೂ ಕರೆದಿದ್ದೆವು. ಅವರು ಮಾತಾಡಲಿಲ್ಲ. ಒಳಗೆ ಬಗ್ಗಿ ಮುಂದಿನ ತೇಪೆಯ ಮೇಲೆ ಅಂಗೈ ಸವರಿದರು. ಆಮೇಲೆ ಹೆಬ್ಬೆರಳಿಂದ ಒತ್ತಿ ನೋಡಿದರು. ನನ್ನ ಕಡೆ ತಿರುಗಿ ತಲೆ ಆಡಿಸಿದರು.

ಮೊದಲು ನಾನೂ ಹೆಂಡತಿಯೂ ದಡದ ಹತ್ತಿರ ಎರಡು ಸಲ ಮಗುಚಿ ಎಬ್ಬಿಸಿದೆವು. ನೀರು ಐಸ್! ಆಮೇಲೆ ಬಟ್ಟೆ ಬದಲಾಯಿಸಿ ಮಕ್ಕಳನ್ನು ಕೂರಿಸಿಕೊಂಡೆ. ಮಗಳು ಚುಕ್ಕಾಣಿ ಹಿಡಿದಳು. ಮಗ ಮುಂದಿನ ಚಿಕ್ಕ ಹಾಯಿಯ ಹಗ್ಗ ಹಿಡಿದ. ಗಾಳಿ ಮೆತ್ತಗಿತ್ತು. ಹಾಯಿ ಒಂದು ಸಲ ಪಟಪಟ ಅಂತು, ಮಗಳು ಚುಕ್ಕಾಣಿ ಸ್ವಲ್ಪ ತಿರುಗಿಸಿದಳು, ಹಾಯಿ ತುಂಬಿಕೊಂಡು ಸುಮ್ಮನಾಯಿತು. ಆಗ ದೋಣಿಯ ತಳದಲ್ಲಿ ನೀರು ಗುಳುಗುಳು ಅನ್ನೋದು ಕೇಳಿಸಿತು. ಮಗ "ಅಪ್ಪಾ, ಮೋಟರ್ ಇಲ್ಲ ಅಲ್ವಾ?" ಅಂತ ಪಿಸುಮಾತಲ್ಲಿ ಕೇಳಿದ. ಒಂದು ಗಂಟೆ ಓಡಿಸಿದೆವು.

ನಡುಹಲಗೆಯ ಗೂಡು ಒಂದು ಹನಿಯೂ ಸೋರಲಿಲ್ಲ. ವಾಪಸ್ ಬಂದು ಬಿರಡೆ ತೆಗೆದಾಗ ಮುಂದಿನ ಪೆಟ್ಟಿಗೆಯಿಂದ ಅರ್ಧ ಲೋಟ ನೀರು ಬಂತು. ಮುಂದಿನ ಶನಿವಾರ ಮತ್ತೆ ನೊರೆ ಹಚ್ಚಿ ನೋಡುತ್ತೇವೆ. ಈಗ ದೋಣಿ ಗ್ಯಾರೇಜಿನಲ್ಲಿದೆ. ನಾಲ್ಕೂ ಮುಚ್ಚಳ ತೆಗೆದಿಟ್ಟಿದ್ದೇವೆ.

ಶರಾವತಿ ದಂಡೆ · ಮೇ 24

ಅಮ್ಮನಿಗೆ ಇದನ್ನು ಪೂರ್ತಿ ಓದಿ ಹೇಳಿದೆ. ಹಾಯಿಯ ಅಡ್ಡ ಗಳದ ಹೆಸರು ಅವರಿಗೂ ನೆನಪಾಗಲಿಲ್ಲ. ನಮ್ಮ ಪಕ್ಕದ ಕಾಸರಕೋಡಿನಲ್ಲಿ ಅಜ್ಜನ ಜೊತೆ ದೋಣಿಯಲ್ಲಿದ್ದವರು ಒಬ್ಬರಿದ್ದಾರೆ, ನಾಳೆ ಅವರನ್ನು ಕೇಳಿಕೊಂಡು ಬರುತ್ತೇನೆ.